ಜಿನನಾಥಪುರದಲ್ಲಿ ಕಾಣದ ಸ್ಟೆಪ್ನಿ

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ವಿಂಧ್ಯಗಿರಿಯ ಮೆಟ್ಟಿಲು ಹತ್ತಿ, ಗೊಮ್ಮಟನ ಮೂರ್ತಿಯನ್ನು ನೋಡಿ ಮರಳುತ್ತಾರೆ. ಎದುರಿನ ಚಿಕ್ಕಬೆಟ್ಟದ ಆಚೆ, ಉತ್ತರಕ್ಕೆ ಒಂದೂವರೆ ಕಿಲೋಮೀಟರು ದೂರದಲ್ಲಿ ಜಿನನಾಥಪುರ ಎಂಬ ಹಳ್ಳಿಯಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಊರು ಅದು. ಬಿ.ಎ. ತರಗತಿಯ ಇತಿಹಾಸ ಪುಸ್ತಕದಲ್ಲಿ ಆ ಹೆಸರು ಓದಿದ್ದ ನನಗೆ ಅದನ್ನು ಕಾಣಬೇಕೆಂಬ ಆಸೆ ಬಹಳ ವರ್ಷಗಳಿಂದ ಇತ್ತು.

ಕಳೆದ ದಸರಾ ರಜೆಯಲ್ಲಿ ಆ ಆಸೆ ಕೈಗೂಡಿತು. ನಮ್ಮ ಮನೆಯವರು, ಅತ್ತೆ, ಮೂವರು ಮಕ್ಕಳು ಮತ್ತು ನಾನು ಮಂಗಳೂರಿನಿಂದ ಸುಬ್‌ಹ್ ನಮಾಝ್ ಮುಗಿಸಿ ಹೊರಟೆವು. ಶಿರಾಡಿ ಘಾಟಿಯಲ್ಲಿ ಮಳೆ, ಕೆಸರು. ಹಾಸನ, ಚನ್ನರಾಯಪಟ್ಟಣ ದಾಟುವಾಗ ತೆಂಗಿನ ತೋಟಗಳು, ಒಳ್ಳೆಯ ಬಿಸಿಲು.

ಜಿನನಾಥಪುರದ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ರೇಚಿಮಯ್ಯ ಎಂಬ ದಂಡನಾಯಕ ಕಟ್ಟಿಸಿದ. ಶ್ರವಣಬೆಳಗೊಳದ ಬಸದಿಗಳ ಗೋಡೆಗಳು ಹೆಚ್ಚಾಗಿ ಸಾದಾ ಇದ್ದರೆ ಇಲ್ಲಿಯ ಹೊರಗೋಡೆಯ ತುಂಬ ಕೆತ್ತನೆ. ಚಪ್ಪಲಿ ಕಳಚಿ ಸುತ್ತು ಬಂದೆವು. ನಮ್ಮ ವಿಶ್ವಾಸ ಬೇರೆ. ಆದರೆ ಬಳಪದ ಕಲ್ಲಿನಲ್ಲಿ ಅಷ್ಟು ನಯವಾದ ಕೆಲಸ ಮಾಡಿದ ಕೈಗಳ ತಾಳ್ಮೆಯನ್ನು ಮೆಚ್ಚದಿರಲು ಸಾಧ್ಯವಿಲ್ಲ. ರೇಚಿಮಯ್ಯನಿಗೆ 'ವಸುಧೈಕ ಬಾಂಧವ' ಎಂಬ ಬಿರುದಿತ್ತಂತೆ. ಇಡೀ ಭೂಮಿಗೇ ಬಂಧು ಎಂದರ್ಥ. ಮಕ್ಕಳಿಗೆ ಅದನ್ನು ವಿವರಿಸುತ್ತಾ ಕಾರಿನ ಬಳಿ ಬಂದರೆ, ಹಿಂದಿನ ಎಡಗಾಲಿ ಪಂಕ್ಚರ್ ಆಗಿ ನೆಲಕ್ಕೆ ಕೂತಿತ್ತು.

ಇವರು ಜಾಕ್ ತೆಗೆದು, ಸ್ಟೆಪ್ನಿ ಇಳಿಸಲು ಗಾಡಿಯ ಹಿಂಭಾಗಕ್ಕೆ ಬಗ್ಗಿದರು. ನಮ್ಮ ಗಾಡಿಯಲ್ಲಿ ಸ್ಟೆಪ್ನಿ ಡಿಕ್ಕಿಯ ಒಳಗಿಲ್ಲ. ಹೊರಗೆ, ತಳದಲ್ಲಿ ತೂಗುಹಾಕಿರುತ್ತದೆ. ಅಲ್ಲಿ ಬರಿಯ ಕೊಕ್ಕೆ ನೇತಾಡುತ್ತಿತ್ತು. ಸ್ಟೆಪ್ನಿ ಇರಲಿಲ್ಲ!

ಕಾರು ನಿಲ್ಲಿಸುವಾಗ ಪಕ್ಕದ ಬಯಲಿನಲ್ಲಿ ನಾಲ್ಕೈದು ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಈಗಲೂ ಅಲ್ಲೇ ನಿಂತು ನಮ್ಮನ್ನೇ ನೋಡುತ್ತಿದ್ದರು. "ಇವರದೇ ಕೆಲಸ" ಎಂದು ನಾನು ಬ್ಯಾರಿ ಭಾಷೆಯಲ್ಲಿ ಹೇಳಿಯೇಬಿಟ್ಟೆ. ಅವರಿಗೆ ಮಾತು ತಿಳಿಯದಿದ್ದರೂ ನನ್ನ ನೋಟ ತಿಳಿದಿರಬೇಕು. ಒಬ್ಬ ಹುಡುಗ ಮುಖ ತಗ್ಗಿಸಿದ.

ಶಾಲೆಯ ಮೆಟ್ಟಿಲು ಹತ್ತದ ನನ್ನ ಅತ್ತೆ ಮೆಲ್ಲನೆ ಬಗ್ಗಿ ಆ ಕೊಕ್ಕೆಯನ್ನು ನೋಡಿದರು. "ಇಲ್ಲಿ ನೋಡು ಮಗಳೇ, ಕೊಕ್ಕೆಯ ತುದಿಯ ತನಕ ಕೆಸರು ಒಣಗಿ ಅಂಟಿದೆ. ಚಕ್ರ ಇದ್ದಿದ್ದರೆ ಕೆಸರು ಒಳಗೆ ಹೇಗೆ ಹೋಗುತ್ತಿತ್ತು? ಘಾಟಿ ಹತ್ತುವ ಮೊದಲೇ ಹೋಗಿದೆ ಇದು. ಪಾಪ, ಆ ಮಕ್ಕಳನ್ನು ಯಾಕೆ ದೂರುತ್ತಿ?"

ನಾನು ನಾಚಿಕೊಂಡೆ. ಅನುಮಾನಗಳಿಂದ ದೂರವಿರಿ, ಕೆಲವು ಅನುಮಾನಗಳು ಪಾಪವಾಗಿರುತ್ತವೆ ಎಂಬ ಅಲ್ ಹುಜುರಾತ್ ಅಧ್ಯಾಯದ (49:12) ಉಪದೇಶವನ್ನು ಮದ್ರಸದ ಮಕ್ಕಳಿಗೆ ವರ್ಷ ವರ್ಷವೂ ಕಲಿಸುವವಳು ನಾನು. ಪರೀಕ್ಷೆ ಬಂದದ್ದು ನನಗೆ, ಫೇಲಾದವಳೂ ನಾನೇ.

ಅಷ್ಟರಲ್ಲಿ ಮುಖ ತಗ್ಗಿಸಿದ್ದ ಆ ಹುಡುಗನೇ ಹತ್ತಿರ ಬಂದು, "ಅಂಕಲ್, ಚಕ್ರ ಬಿಚ್ಚಿ ಕೊಡಿ. ಬೈಕಲ್ಲಿ ಬೆಳಗೊಳಕ್ಕೆ ತಗೊಂಡೋಗಿ ಪಂಕ್ಚರ್ ಹಾಕಿಸ್ಕೊಂಡ್ ಬರ್ತೀವಿ" ಎಂದ. ಇಬ್ಬರು ಹುಡುಗರು ಚಕ್ರವನ್ನು ಮಧ್ಯೆ ಇಟ್ಟುಕೊಂಡು ಬೈಕಿನಲ್ಲಿ ಹೊರಟರು. ಪಕ್ಕದ ಮನೆಯ ಹಿರಿಯರೊಬ್ಬರು "ಬಿಸಿಲಲ್ಲಿ ಯಾಕೆ ನಿಂತಿದ್ದೀರಿ ತಾಯಿ, ಒಳಗೆ ಬನ್ನಿ" ಎಂದು ಕರೆದರು. ನಿವೃತ್ತ ಮೇಷ್ಟ್ರು, ಜೈನರು. ವುಝೂ ಮಾಡಲು ನೀರು ಕೊಟ್ಟರು. ಅವರ ತೆಂಗಿನ ನೆರಳಲ್ಲಿ ಳುಹ್ರ್ ಮತ್ತು ಅಸರ್ ನಮಾಝನ್ನು ಜಮ್‌ಅ ಮಾಡಿ ನಿರ್ವಹಿಸಿದೆವು. ಮೇಷ್ಟ್ರ ಮನೆಯವರು ಮಜ್ಜಿಗೆ ತಂದರು.

ಸ್ಟೆಪ್ನಿಯ ಕತೆ ಕೇಳಿದ ಮೇಷ್ಟ್ರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಜೈನರ ಐದು ವ್ರತಗಳಲ್ಲಿ ಅಚೌರ್ಯವೂ ಒಂದು. ಕದಿಯದಿದ್ದರೆ ಸಾಲದು, ಕದ್ದದ್ದನ್ನು ಕೊಂಡರೂ, ಕದಿಯಲು ಇನ್ನೊಬ್ಬನನ್ನು ಪ್ರೇರೇಪಿಸಿದರೂ, ತೂಕ ಅಳತೆಯಲ್ಲಿ ಮೋಸ ಮಾಡಿದರೂ ಆ ವ್ರತಕ್ಕೆ ದೋಷ ಬರುತ್ತದೆಂದು ಅವರ ತತ್ತ್ವಾರ್ಥಸೂತ್ರದಲ್ಲಿದೆಯಂತೆ. ಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನದ ಬಗ್ಗೆಯೂ ಅವರು ತಿಳಿಸಿದರು. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ಜಗಳವನ್ನು ಅರಸನು ತೀರ್ಮಾನಿಸಿದಾಗ, ಜೈನರ ಮನೆಗಳಿಂದ ಕೂಡಿದ ಹಣದಲ್ಲಿ ಬೆಳಗೊಳದ ಕಾವಲಿಗೆ 20 ಮಂದಿಯನ್ನು ನೇಮಿಸುವ ಹೊಣೆ ಬಿದ್ದದ್ದು ವೈಷ್ಣವರ ಮೇಲೆ. ಒಬ್ಬರ ಸೊತ್ತಿಗೆ ಇನ್ನೊಬ್ಬರ ಕಾವಲು!

ಹುಡುಗರು ಚಕ್ರ ತಂದು ಜೋಡಿಸಿಕೊಟ್ಟರು. ಪಂಕ್ಚರಿನ ದುಡ್ಡು ಬಿಟ್ಟು ಒಂದು ರೂಪಾಯಿಯನ್ನೂ ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ. ನಾನು ಆ ಹುಡುಗನಲ್ಲಿ, "ತಪ್ಪಾಗಿ ತಿಳಿದೆ, ಕ್ಷಮಿಸಪ್ಪ" ಎಂದೆ. "ಅಯ್ಯೋ, ಬಿಡಿ ಆಂಟಿ" ಎಂದು ನಕ್ಕ.

ನಿಜವಾದ ಪರೀಕ್ಷೆ ಊರಿಗೆ ಮರಳಿದ ಮೇಲೆ ಕಾದಿತ್ತು. ಹೊಸ ರಿಮ್ಮು, ಟಯರು ಎಂದರೆ ಆರೇಳು ಸಾವಿರದ ಖರ್ಚು. ಹಳೆಯ ಬಿಡಿಭಾಗಗಳ ಒಂದು ಅಂಗಡಿಯಲ್ಲಿ ನಮ್ಮ ಗಾಡಿಯದೇ ಸ್ಟೆಪ್ನಿಗಳು ಸಾಲಾಗಿದ್ದವು. ಒಂದಂತೂ ಹೊಸದರಂತೆಯೇ ಇತ್ತು. "ಎರಡೂವರೆ ಸಾವಿರ ಕೊಡಿ. ಬಿಲ್ ಮಾತ್ರ ಕೇಳಬೇಡಿ" ಎಂದ ಅಂಗಡಿಯವ. ಇವರು ನನ್ನ ಮುಖ ನೋಡಿದರು. ನಮ್ಮದನ್ನೂ ಯಾರೋ ಕದ್ದರಲ್ಲ, ನಮಗೇನು ದೋಷ ಎಂದು ಒಂದು ಕ್ಷಣ ನನಗೂ ಅನಿಸಿತು. ಮರುಕ್ಷಣ ಜಿನನಾಥಪುರದ ಮೇಷ್ಟ್ರು ನೆನಪಾದರು. ಕದ್ದದ್ದೆಂದು ತಿಳಿದೂ ಕೊಳ್ಳುವುದು ನಮ್ಮಲ್ಲೂ ಹರಾಮ್ ಅಲ್ಲವೇ? ನಾವು ಬರಿಗೈಯಲ್ಲಿ ಹೊರಬಂದೆವು. ಎರಡು ತಿಂಗಳು ದೂರದ ಪ್ರಯಾಣ ಬಿಟ್ಟು, ಹಣ ಕೂಡಿಸಿ, ಬಿಲ್ ಸಹಿತ ಹೊಸದನ್ನೇ ಕೊಂಡೆವು.

ಕೊಳ್ಳುವವರಿರುವುದರಿಂದಲೇ ಕದಿಯುವವರಿದ್ದಾರೆ. 2020-21ರ ಸುಮಾರಿಗೆ ಗುಜರಾತ್, ಮಹಾರಾಷ್ಟ್ರ, ದಿಲ್ಲಿ ಕಡೆಗಳಲ್ಲಿ ನಿಲ್ಲಿಸಿದ್ದ ಈಕೋ ವ್ಯಾನುಗಳ ಸೈಲೆನ್ಸರ್‌ಗಳನ್ನು ಬಿಚ್ಚಿ ಒಯ್ಯುವ ಜಾಲಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ಹೊಗೆಯನ್ನು ಶುದ್ಧಗೊಳಿಸಲು ಅದರೊಳಗಿಡುವ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳಿಗೆ ಚಿನ್ನದಂತಹ ಬೆಲೆ. ಆ ಲೋಹವನ್ನು ಕೊಳ್ಳುವವರಿಲ್ಲದಿದ್ದರೆ ನಡುರಾತ್ರಿ ವ್ಯಾನಿನಡಿ ನುಸುಳುವವರು ಯಾರು? ಕಾನೂನು ಕೂಡ ಕೊಳ್ಳುವವರನ್ನು ಬಿಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ, ಕದ್ದ ಮಾಲೆಂದು ತಿಳಿದು ಪಡೆದವರಿಗೆ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು.

ಜಾಗ್ರತೆಯೂ ನಮ್ಮ ಕರ್ತವ್ಯವೇ. ಒಂಟೆಯನ್ನು ಕಟ್ಟಿಹಾಕಬೇಕೇ, ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಬೇಕೇ ಎಂದು ಕೇಳಿದವರಿಗೆ ಪ್ರವಾದಿವರ್ಯರು(ಸ), ಮೊದಲು ಕಟ್ಟು, ಬಳಿಕ ಭರವಸೆ ಇಡು ಎಂದು ಕಲಿಸಿದ ಹದೀಸ್ ತಿರ್ಮಿದಿಯಲ್ಲಿದೆ. ನಾವೀಗ ಸ್ಟೆಪ್ನಿಗೆ ಸರಪಳಿ ಹಾಕಿ ಬೀಗ ಜಡಿದಿದ್ದೇವೆ. ಟಯರಿನ ಮೇಲಿನ ನಂಬರನ್ನು ಬರೆದಿಟ್ಟಿದ್ದೇವೆ. ಗಾಡಿಯನ್ನು ಎಲ್ಲಿಗೆ ಬಿಟ್ಟು ತಂದರೂ ಒಮ್ಮೆ ಬಗ್ಗಿ ನೋಡುತ್ತೇವೆ. ಸಹೋದರಿಯರೇ, ಪ್ರಯಾಣ ಹೊರಡುವಾಗ ಬುತ್ತಿಯ ಜೊತೆ ಇದನ್ನೂ ನೋಡಿಕೊಳ್ಳಿ.

ಆ ಸ್ಟೆಪ್ನಿ ಎಲ್ಲಿ, ಯಾವಾಗ ಕಳವಾಯಿತೋ ಇಂದಿಗೂ ನಮಗೆ ತಿಳಿದಿಲ್ಲ. ಈಗ ಮದ್ರಸದಲ್ಲಿ ಅನುಮಾನದ ಪಾಠ ಬಂದಾಗ ನಾನು ಮಕ್ಕಳಿಗೆ ಬೇರೆ ಕತೆ ಹೇಳುವುದಿಲ್ಲ. ಜಿನನಾಥಪುರದಲ್ಲಿ ಮುಖ ತಗ್ಗಿಸಿ ನಿಂತ ಆ ಹುಡುಗನ ಕತೆಯನ್ನೇ ಹೇಳುತ್ತೇನೆ. ಅಲ್ಲಾಹನು ಅವನನ್ನು ಚೆನ್ನಾಗಿಟ್ಟಿರಲಿ.