ಕನ್ನಡಿ ಹೋಟೆಲಿನ ಟಿಪ್ಪಣಿಗಳು

ಮುಂಬೈ. ಸೆಂಟ್ರಲ್ ಲೈನಿನ ಒಂದು ಸ್ಟೇಷನ್ನಿನ ಪಕ್ಕದ ಫ್ಯಾಮಿಲಿ ರೆಸ್ಟೋರೆಂಟ್. ಬೆಳಿಗ್ಗೆ ಇಡ್ಲಿ-ವಡೆ, ಮಧ್ಯಾಹ್ನ ಥಾಲಿ, ಕತ್ತಲಾದ ಮೇಲೆ ಬಿಯರು. ಗಲ್ಲಾದಲ್ಲಿ ಕುಂದಾಪುರದ ಕಡೆಯವರು. ಒಳಗಿನ ಎಸಿ ಹಾಲಿನ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಕನ್ನಡಿ. ಇಡ್ಲಿ ತಿನ್ನುವವನಿಗೆ ತನ್ನ ಬೆನ್ನು ನೋಡಿಕೊಳ್ಳುವ ದರ್ದು ಏನು?

ಹಾಲಿನ ನಡುವೆ ನೆಲ ಒಮ್ಮೆಲೇ ಗೇಣೆತ್ತರ ಏರುತ್ತದೆ. ಮಾಣಿಗಳು ಕೆಳಗೆ ನೋಡದೆಯೇ ಕಾಲೆತ್ತಿ ಹತ್ತುತ್ತಾರೆ, ಗಿರಾಕಿಗಳು ಎಡವುತ್ತಾರೆ. ಅಂಚಿಗೆ ಹಳದಿ ಟೇಪು. ಕೆಳಗಿನ ಟೇಬಲುಗಳೆಲ್ಲ ನೆಲಕ್ಕೆ ಬೋಲ್ಟು ಹಾಕಿದವು. ಕಟ್ಟೆಯ ಮೇಲಿನವು ಮಾತ್ರ ಮಡಚುವಂಥವು. ಯಾಕೆ?

ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಎರಡನೆಯದನ್ನು ಈರುಳ್ಳಿ ಮೂಟೆ ಒತ್ತಿಟ್ಟು ತೆರೆದೇ ಇಟ್ಟಿದ್ದಾರೆ. ಅದರಲ್ಲಿ ಕಣ್ಣಿನ ಎತ್ತರಕ್ಕೆ ಒಂದು ಕಿಂಡಿ.

ಡಾನ್ಸ್ ಬಾರ್ ಇತ್ತೇ ಎಂದು ಗಲ್ಲಾದವರನ್ನು ನೇರವಾಗಿಯೇ ಕೇಳಿದೆ. “ಇತ್ತು. ಎಲ್ಲ ಕಡೆಯೂ ಇತ್ತಲ್ಲ ಮಾರಾಯ್ರೆ,” ಎಂದವರು ಚಿಲ್ಲರೆ ಎಣಿಸುವುದಕ್ಕೆ ತಿರುಗಿದರು. ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ. ಮುಂಬೈಗೆ ಇಡ್ಲಿ-ದೋಸೆ ಉಣಿಸಿದ ಕರಾವಳಿಯವರಲ್ಲೇ ಹಲವರು ಈ ಬಾರುಗಳನ್ನೂ ನಡೆಸಿದರು. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಹುಡುಗರ ಕಥೆಯನ್ನು ನಾನು ಓದಿದ ಸ್ಮರಣ ಸಂಚಿಕೆಗಳೆಲ್ಲ ಅಕ್ಕರೆಯಿಂದ ಹೇಳುತ್ತವೆ. ಈ ಇನ್ನೊಂದು ರಾತ್ರಿಯ ಬಗ್ಗೆ ಅವುಗಳಲ್ಲಿ ಒಂದು ಸಾಲೂ ಕಂಡಿಲ್ಲ.

ಕಟ್ಟೆಯ ಅಂಚಿನುದ್ದಕ್ಕೂ ಬಿಳಿ ಸಿಮೆಂಟು ತುಂಬಿದ ತೂತುಗಳು. ಕಂಬಿ ನಿಂತಿದ್ದ ಜಾಗ. 2016ರಲ್ಲಿ ಡಾನ್ಸ್ ಬಾರುಗಳಿಗೆಂದು ಸುಪ್ರೀಂ ಕೋರ್ಟು ಒಪ್ಪಿದ ಷರತ್ತುಗಳಲ್ಲಿ ವೇದಿಕೆಗೆ ಮೂರಡಿ ಎತ್ತರದ ಕಂಬಿ, ಅಲ್ಲಿಂದ ಐದಡಿ ದೂರದಲ್ಲಿ ಗಿರಾಕಿಯ ಕುರ್ಚಿ, ಒಮ್ಮೆಗೆ ವೇದಿಕೆಯ ಮೇಲೆ ನಾಲ್ಕೇ ಜನ ಎಂದಿತ್ತು. ಹೆಜ್ಜೆಯಲ್ಲಿ ಅಳೆದೆ. ತೂತಿನಿಂದ ಹತ್ತಿರದ ಟೇಬಲಿಗೆ ಐದಡಿ ಇಲ್ಲ. ಹಾಗಾದರೆ ಕಂಬಿ ಆ ಷರತ್ತಿಗಿಂತ ಹಳೆಯದು. ಆದರೆ ಟೇಬಲುಗಳು ಆಮೇಲೆ ಬಂದಿರಬಹುದಲ್ಲ? ಸಾಕ್ಷ್ಯ ನಿಲ್ಲುವುದಿಲ್ಲ.

ನೋಟಿನ ಲೆಕ್ಕ. ಛಾಪಾ ಕಾಗದದ ಹಗರಣದ, ನಮ್ಮ ಖಾನಾಪುರದ ಕರೀಂ ಲಾಲಾ ತೆಲಗಿ ಗ್ರಾಂಟ್ ರೋಡಿನ ಒಂದು ಬಾರಿನಲ್ಲಿ ಒಂದೇ ರಾತ್ರಿ ಒಬ್ಬ ನರ್ತಕಿಯ ಮೇಲೆ 93 ಲಕ್ಷ ಎರಚಿದನೆಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಬಾರಿನಲ್ಲಿ ಎರಚಲು ದೊಡ್ಡ ನೋಟು ಮುರಿಸಿ ಹತ್ತರ ಕಟ್ಟು ಕೊಡುತ್ತಿದ್ದರು. ಹತ್ತರ ಲೆಕ್ಕದಲ್ಲಿ 93 ಲಕ್ಷವೆಂದರೆ 9,300 ಕಟ್ಟು. ಕಟ್ಟಿಗೆ ಐದು ಸೆಕೆಂಡು ಹಿಡಿದರೂ ಹದಿಮೂರು ತಾಸು ಕೈ ಬಿಡುವಿಲ್ಲದೆ ಎರಚಬೇಕು. ಐವತ್ತರ ನೋಟಾದರೆ ಎರಡೂವರೆ ತಾಸು, ಅದು ಆಗಬಹುದು. ಇಲ್ಲವೇ ಕಥೆಯ ಜೊತೆ ಮೊತ್ತವೂ ಬೆಳೆದಿದೆ. ಗುಡಿಸಿ ಎಣಿಸಿದವರ ಗತಿ ಏನು ಎಂಬುದೇ ನನ್ನ ಚಿಂತೆ.

ಮೀಟರ್ ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಬರೆದ ಹೆಸರುಗಳು ಅರ್ಧ ಅಳಿಸಿವೆ. ‘ಸ್ಟೇಜ್’ ಓದಲು ಬರುತ್ತದೆ. ‘ಸೌಂಡ್’ ಎಂಬ ಸ್ವಿಚ್ಚಿನ ಲೈನಿನಲ್ಲಿ ಈಗ ದೋಸೆ ಹಿಟ್ಟಿನ ಗ್ರೈಂಡರು ಓಡುತ್ತಿದೆ.

ಅಡುಗೆಮನೆಯ ಆಚೆ ಸಾಮಾನಿನ ಕೋಣೆ. ಅಕ್ಕಿ ಮೂಟೆಗಳ ಹಿಂದೆ ಉದ್ದನೆಯ ಕನ್ನಡಿ, ಸುತ್ತ ಬಲ್ಬಿನ ಹೋಲ್ಡರುಗಳು, ಗೋಡೆ ತುಂಬ ಬಟ್ಟೆ ನೇತುಹಾಕುವ ಮೊಳೆಗಳು. ಕನ್ನಡಿಯ ಅಂಚಿನಲ್ಲಿ ಸ್ಟಿಕ್ಕರು ಬಿಂದಿಗಳು. ಕೊನೆಗೂ ಕುಣಿದವರದೇ ಒಂದು ಗುರುತು ಸಿಕ್ಕಿತೆಂದು ಹಿಗ್ಗಿದೆ. ಅಷ್ಟರಲ್ಲಿ ಪಾತ್ರೆ ತೊಳೆಯುವ ಬಾಯಿ ಬಂದು ಚೀಲವನ್ನು ಮೊಳೆಗೆ ಸಿಕ್ಕಿಸಿ, ಹಣೆಯ ಬಿಂದಿ ತೆಗೆದು ಅಲ್ಲೇ ಅಂಟಿಸಿದಳು. ಯಾವುದು ಯಾರದೆಂದು ಈಗ ಹೇಳುವುದು ಹೇಗೆ? ಡಾನ್ಸ್ ಬಾರುಗಳಿಗೆ ನಿಷೇಧ ಬಂದಾಗ ರಾಜ್ಯದಲ್ಲಿ ಈ ಕೆಲಸದಲ್ಲಿದ್ದ ಹೆಂಗಸರು ಸುಮಾರು 75 ಸಾವಿರ ಎಂಬ ಅಂದಾಜಿತ್ತು. ಬೇಡಿಯಾ, ನಟ್, ಕಂಜರ್‌ಗಳಂಥ ಕುಣಿತವೇ ಕುಲಕಸುಬಾದ ಸಮುದಾಯಗಳಿಂದ ಬಂದವರು ಅವರಲ್ಲಿ ಬಹಳ. ನೋಡುವವರಿಗಾಗಿ ಮಾಡಿದ್ದೆಲ್ಲ ಈ ಕಟ್ಟಡದಲ್ಲಿ ಗಟ್ಟಿಯಾಗಿ ಉಳಿದಿದೆ, ಕುಣಿದವರದು ಅಂಟಿನ ಮೇಲೆ ನಿಂತಿದೆ, ಅದೂ ಸಂಶಯದ್ದು.

ಇಷ್ಟೆಲ್ಲ ಯಾಕೆ ಒಡೆಯದೆ ಬಿಟ್ಟರು? ತಾರೀಖುಗಳನ್ನು ಸಾಲಾಗಿ ಬರೆದುಕೊಂಡೆ. 2005ರ ಆಗಸ್ಟಿನಲ್ಲಿ ನಿಷೇಧ. ಮೂರು ನಕ್ಷತ್ರದ ಮತ್ತು ಅದಕ್ಕೂ ಮೇಲಿನ ಹೋಟೆಲು, ಜಿಮ್ಖಾನಾಗಳಿಗೆ ವಿನಾಯಿತಿ. ಅಲ್ಲಿ ಕುಣಿದರೆ ನೀತಿ ಕೆಡುವುದಿಲ್ಲವೆಂದು ಸರ್ಕಾರದ ನಂಬಿಕೆ! 2006ರ ಏಪ್ರಿಲಿನಲ್ಲಿ ಬಾಂಬೆ ಹೈಕೋರ್ಟು ನಿಷೇಧವನ್ನು ತಳ್ಳಿಹಾಕಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಜುಲೈನಲ್ಲಿ ಅಲ್ಲಿಯೂ ಬಾರಿನವರೇ ಗೆದ್ದರು. 2014ರಲ್ಲಿ ಮತ್ತೆ ಕಾನೂನು, 2016ರಲ್ಲಿ ಇನ್ನೊಂದು. 2019ರ ಜನವರಿಯಲ್ಲಿ ಆ ಕಾನೂನಿನ ಹಲವು ಷರತ್ತುಗಳೂ ಬಿದ್ದವು: ಬಕ್ಷೀಸು ಕೊಡಬಹುದು, ನೋಟು ಎರಚುವಂತಿಲ್ಲ. ಹದಿನಾಲ್ಕು ವರ್ಷ ಒಂದರ ಮೇಲೊಂದು ಗೆಲುವು, ಪ್ರತಿ ಗೆಲುವಿನ ಬೆನ್ನಿಗೆ ಹೊಸ ಅಡ್ಡಿ. ಸೋತವನಾದರೆ ಒಡೆದು ಹಾಕುತ್ತಾನೆ. ಗೆಲ್ಲುತ್ತಲೇ ಇರುವವನು ಹೇಗೆ ಒಡೆದಾನು? ಕಟ್ಟೆಯ ಮೇಲೆ ಮಡಚುವ ಟೇಬಲು ಅದಕ್ಕೇ ಎಂದು ನನ್ನ ಊಹೆ.

ಊಹೆಯನ್ನು ಗಲ್ಲಾದವರ ಮುಂದಿಟ್ಟೆ. “ಒಡೆಯಲಿಕ್ಕೆ ದುಡ್ಡು ಯಾರು ಕೊಡ್ತಾರೆ?” ಎಂದು ನಕ್ಕರು. ಆದರೆ ಈ ಟೇಬಲುಗಳು ಹೊಸವು, ಫಾರ್ಮಿಕಾದ ಮೇಲಿನ ಪ್ಲಾಸ್ಟಿಕ್ಕು ಕೂಡ ಪೂರ್ತಿ ಬಿಟ್ಟಿಲ್ಲ. ಹೊಸತು ತರುವಾಗಲೂ ಮಡಚುವುದನ್ನೇ ಯಾಕೆ ತಂದಿರಿ ಎಂದೆ.

“ಗುಡಿಸಲಿಕ್ಕೆ ಸುಲಭ ಅಲ್ವಾ ಮಾರಾಯ್ರೆ.”

ಮತ್ತೆ ಕೆಳಗಿನ ಟೇಬಲುಗಳ ಅಡಿ ಗುಡಿಸುವುದಿಲ್ಲವೇ ಎಂದು ಕೇಳುವಷ್ಟರಲ್ಲಿ ಪಾರ್ಸೆಲಿನವನು ಬಂದ.