ನೆಗೆಟಿವ್ ಸ್ಕ್ಯಾನಿಗೆ ಯಾವ ಸಾಫ್ಟ್‌ವೇರ್?

ಬಾಶೆಟ್ಟಿಹಳ್ಳಿಯಲ್ಲಿ ಫ್ಯಾಕ್ಟರಿಗಳು ಬರುವ ಮುಂಚಿನ ಹೊಲ, ಬಾವಿ, ಮದುವೆ ಚಪ್ಪರಗಳೆಲ್ಲ ಯಾರದೋ ಬೀರುವಿನ ನೆಗೆಟಿವ್‌ಗಳಲ್ಲಿ ಉಳಿದಿರಬೇಕು. ಅಂಥವನ್ನು ಮನೆಯಲ್ಲೇ ಸ್ಕ್ಯಾನ್ ಮಾಡೋರು ಕೇಳಿ: ಹಳೇ ಸ್ಕ್ಯಾನರ್‌ಗೆ ಹೊಸ ವಿಂಡೋಸ್‌ನಲ್ಲಿ ಡ್ರೈವರ್ ಸಿಗದಿದ್ದರೆ ವ್ಯೂಸ್ಕ್ಯಾನ್ ಹಾಕಿ. ಕಂಪನಿಗಳೇ ಕೈಬಿಟ್ಟ ಎಷ್ಟೋ ಯಂತ್ರಗಳನ್ನು ಅದು ನಡೆಸುತ್ತೆ. ಸಿಲ್ವರ್‌ಫಾಸ್ಟ್ ಒಳ್ಳೆಯದೇ, ಆದರೆ ಸ್ಕ್ಯಾನರ್ ಮಾದರಿ ಬದಲಾದರೆ ಸಾಮಾನ್ಯವಾಗಿ ಲೈಸೆನ್ಸೂ ಬೇರೆ ಬೇಕು. ಜೇಬಿಗೆ ಭಾರ! ಕ್ಯಾಮೆರಾದಲ್ಲೇ ನೆಗೆಟಿವ್ ಸೆರೆಹಿಡಿಯೋರಿಗೆ ಡಾರ್ಕ್‌ಟೇಬಲ್ ಸಾಫ್ಟ್‌ವೇರ್‌ನ ನೆಗಡಾಕ್ಟರ್ ಮಾಡ್ಯೂಲ್ ಸಾಕು, ಪೂರ್ತಿ ಉಚಿತ. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆಯನ್ನೂ ಕಳೆಯುತ್ತೆ.

ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಕಪ್ಪು-ಬಿಳುಪು ಫಿಲ್ಮ್ ಸಿಕ್ಕರೆ ಸ್ಕ್ಯಾನ್ ಮಾಡುವಾಗ ಇನ್‌ಫ್ರಾರೆಡ್‌ನಿಂದ ಧೂಳು ತೆಗೆಯೋ ಆಯ್ಕೆ ಆಫ್ ಮಾಡಿ. ಫಿಲ್ಮಿನ ಬೆಳ್ಳಿಯನ್ನೇ ಅದು ಧೂಳು ಅಂದುಕೊಂಡು ಚಿತ್ರ ಕೆಡಿಸುತ್ತೆ. ಅಂಥ ಫಿಲ್ಮಿಗೆ ಬ್ಲೋವರ್‌ನಿಂದ ಗಾಳಿ ಊದಿ, ಸಾಕು.