ಆಗುಂಬೆ ಇಳಿಯುವ ಮುನ್ನ

ಶೃಂಗೇರಿಯಲ್ಲಿ ಶಾರದೆಯ ದರ್ಶನ ಮುಗಿಸಿ ಉಡುಪಿಗೆ ಹೊರಟವರಿಗೂ, ತೀರ್ಥಹಳ್ಳಿ ಕಡೆಯಿಂದ ಕರಾವಳಿಗೆ ಇಳಿಯುವವರಿಗೂ ಆಗುಂಬೆಯೇ ಹೆಬ್ಬಾಗಿಲು. ಶಂಕರ್‌ನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ದೊಡ್ಡಮನೆ ಇರುವುದು ಇಲ್ಲಿಯೇ. ಊರು ದಾಟುತ್ತಿದ್ದಂತೆ ಸೂರ್ಯಾಸ್ತ ನೋಡುವ ಕಟ್ಟೆ ಸಿಗುತ್ತದೆ. ಮೋಡವಿಲ್ಲದ ಸಂಜೆಯಾದರೆ ದೂರದಲ್ಲಿ ಅರಬ್ಬೀ ಸಮುದ್ರ ಹೊಳೆಯುವುದೂ ಉಂಟು. ಅಲ್ಲಿಂದ ಮುಂದೆ ರಸ್ತೆ ದಟ್ಟ ಕಾಡಿನೊಳಗೆ ಸುರುಳಿ ಸುತ್ತುತ್ತದೆ. ಒಟ್ಟು 14 ಹೇರ್‌ಪಿನ್ ತಿರುವುಗಳು. ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬುದರಿಂದಲೇ ಈ ಘಾಟಿಯ ಸ್ವಭಾವವನ್ನು ನೀವು ಊಹಿಸಿಕೊಳ್ಳಬಹುದು. ಕೆಳಗೆ ಸೋಮೇಶ್ವರ ತಲುಪುವ ಹೊತ್ತಿಗೆ ಮಲೆನಾಡಿನ ತಂಪು ಹೋಗಿ ಕರಾವಳಿಯ ಬೆವರು ಶುರು.

ನಮ್ಮ ಸಂಘದ ತರುಣ ತರುಣಿಯರಲ್ಲಿ ಹಲವರು ಈಗ ಅಪ್ಪನ ಹಳೆಯ ಕಾರನ್ನೇ ಊರಿಗೆ ಓಡಿಸಿಕೊಂಡು ಹೋಗುತ್ತಾರೆ. ಸಂತೋಷ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತುಹೋದರೂ ಚೆನ್ನಾಗಿ ನೋಡಿಕೊಂಡ ಬಂಡಿಗಳು ಇನ್ನೂ ಓಡುತ್ತಿವೆ. ಆದರೆ ಮುಂಬಯಿಯಲ್ಲಿ ವರ್ಷಗಟ್ಟಲೆ ಆಫೀಸು, ಮಾರ್ಕೆಟ್ಟು, ಸ್ಟೇಷನ್ನು ಎಂದು ಸುತ್ತಿದ ಕಾರಿಗೆ ಆಗುಂಬೆ ಒಂದು ದೊಡ್ಡ ಪರೀಕ್ಷೆ.

ಬ್ರೇಕು ಒಂದೇ ದಿನದಲ್ಲಿ ಕೆಡುವುದು ಅಪರೂಪ. ಸಾಮಾನ್ಯವಾಗಿ ಅದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಸೋಲುತ್ತದೆ. ಅದಕ್ಕೆ ತಕ್ಕಂತೆ ನಮ್ಮ ಕಾಲೂ ಹೊಂದಿಕೊಳ್ಳುತ್ತದೆ. ನಿನ್ನೆಗಿಂತ ತುಸು ಮೊದಲೇ ಒತ್ತುತ್ತೇವೆ, ತುಸು ಜೋರಾಗಿ ಒತ್ತುತ್ತೇವೆ. ದಿನವೂ ಕಣ್ಣೆದುರಿಗಿರುವ ಮಗು ಬೆಳೆದದ್ದು ಮನೆಯವರಿಗೆ ಗೊತ್ತಾಗದ ಹಾಗೆಯೇ ಇದೂ. ಆದ್ದರಿಂದ ಹೊರಡುವ ಎರಡು ವಾರ ಮೊದಲು ಕಾರನ್ನು ಬೇರೆ ಯಾರಿಗಾದರೂ ಓಡಿಸಲು ಕೊಡಿ. "ಇದೇನಪ್ಪಾ, ನಿನ್ನ ಬ್ರೇಕು ಹಿಡಿಯುವುದೇ ಇಲ್ಲವಲ್ಲ" ಎಂದು ಅವರು ಮೊದಲ ಸಿಗ್ನಲ್ಲಿನಲ್ಲೇ ಹೇಳಿದರೆ ಬೇಸರಪಡಬೇಡಿ.

ಘಾಟಿ ಏನು ಕೇಳುತ್ತದೆ ನೋಡಿ. ನಾಲ್ಕು ಜನ, ಸಾಮಾನು ಎಲ್ಲ ಸೇರಿ ಒಂದು ಟನ್ ತೂಗುವ ಕಾರು 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ, ಸುಮಾರು 15 ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಬ್ರೇಕಿನಿಂದಲೇ ಇಳಿದರೆ ಇದರ ಬಹುಪಾಲು ಶಾಖವಾಗಿ ಆ ಪುಟ್ಟ ಡಿಸ್ಕು, ಡ್ರಮ್ಮುಗಳಿಗೇ ಸೇರಬೇಕು. ಬಚ್ಚಲ ಹಂಡೆಯ ಕೆಲಸ!

ಹಾಗಾದರೆ ಕೊರತೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಪೆಡಲ್ಲೇ ಹೇಳುತ್ತದೆ. ನಿಂತ ಕಾರಿನಲ್ಲಿ ಇಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದೇ ಸಮನೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಗೆ ಜಾರುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ. ಹೊರಗೆ ಎಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿರಬೇಕು. ಇಂಥ ಕಾರನ್ನು ಘಾಟಿಗೆ ಒಯ್ಯುವ ಮಾತೇ ಬೇಡ. ಪೆಡಲ್ ತುಂಬ ಕೆಳಗೆ ಹೋಗಿ, ಎರಡು ಮೂರು ಸಲ ತುಳಿದರೆ ಮೇಲೇರಿ ಗಟ್ಟಿಯಾಗುತ್ತದೆಯೇ? ಹ್ಯಾಂಡ್ ಬ್ರೇಕಿನ ಲಿವರೂ ಮೊದಲಿಗಿಂತ ಹೆಚ್ಚು ಮೇಲೇಳುತ್ತಿದೆಯೇ? ಹಾಗಿದ್ದರೆ ಹಿಂದಿನ ಡ್ರಮ್ಮುಗಳಲ್ಲಿ ಶೂ ಸವೆದು ಅಂತರ ಹೆಚ್ಚಿರುವ ಸಂಭವವೇ ಜಾಸ್ತಿ. ತುಳಿದಷ್ಟೂ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ.

ಪೆಡಲ್ ಕಲ್ಲಿನಂತಿದ್ದು ಕಾರು ಮಾತ್ರ ನಿಲ್ಲದಿದ್ದರೆ ಕಥೆ ಬೇರೆ. ಬೂಸ್ಟರ್ ಇರುವ ಕಾರಾದರೆ ಇಂಜಿನ್ ಆರಿಸಿ ನಾಲ್ಕೈದು ಸಲ ತುಳಿಯಿರಿ, ಕಾಲು ತೆಗೆಯದೆ ಇಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರನ್ನೋ ಅದರ ನಳಿಗೆಯನ್ನೋ ನೋಡಿಸಬೇಕು. ಬೂಸ್ಟರ್ ಸರಿಯಿದ್ದರೆ ಪ್ಯಾಡು, ಲೈನರುಗಳು ಕಾದು ಕಾದು ಗಾಜಿನಂತೆ ನುಣುಪಾಗಿರಬಹುದು.

ಇನ್ನು 'ಬ್ರೇಕ್ ಆಯಿಲ್'. ಹೆಸರು ಕೇಳಿ ಮೋಸ ಹೋಗಬೇಡಿ, ಇದು ಎಣ್ಣೆಯಲ್ಲ. ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ. ಈ ದ್ರವಕ್ಕೆ ಗಾಳಿಯ ತೇವ ಹೀರುವ ಗುಣವಿದೆ. ಮುಂಬಯಿಯ ಮಳೆಗಾಲಗಳನ್ನು ಕಂಡ ಕಾರಿನಲ್ಲಿ ಎಷ್ಟು ನೀರು ಸೇರಿರಬೇಡ! ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯಬಹುದು. ಊರಲ್ಲಿ ಸರಿಯಾಗಿದ್ದ ಬ್ರೇಕು ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ ಟುಸ್ಸೆಂದು ನೆಲಕ್ಕೆ ಹೋಗುವುದು ಇದರಿಂದಲೇ: ದ್ರವ ಕುದಿದು ಆವಿಯ ಗುಳ್ಳೆಗಳಾಗುತ್ತವೆ, ಒತ್ತಡವನ್ನೆಲ್ಲ ಅವೇ ನುಂಗುತ್ತವೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವ ಪದ್ಧತಿ ಇರುವುದು ಸುಮ್ಮನೆ ಅಲ್ಲ. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ತುಂಬಿಸಿ ಮರೆಯಲೂಬೇಡಿ. ಪ್ಯಾಡು ಸವೆದಾಗಲೂ ಮಟ್ಟ ಇಳಿಯುತ್ತದೆ, ಸೋರಿದಾಗಲೂ ಇಳಿಯುತ್ತದೆ, ಯಾವುದೆಂದು ನೋಡಿಸಿ.

ಎಲ್ಲ ಸರಿಯಿದ್ದರೂ ಆಗುಂಬೆಯನ್ನು ಇಳಿಯುವುದು ಎರಡನೆಯ ಗೇರಿನಲ್ಲಿ, ಕಡಿದಾದ ತಿರುವಿನಲ್ಲಿ ಒಂದನೆಯದರಲ್ಲಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವ ಜಾಣತನ ಇಲ್ಲಿ ಬೇಡ. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿ ಹಿಡಿಯದೆ, ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಬಿಟ್ಟುಬಿಡಿ. ಸುಟ್ಟ ವಾಸನೆ ಬಂದರೆ ಜಾಗ ಇರುವಲ್ಲಿ ನಿಲ್ಲಿಸಿ ಅರ್ಧ ಗಂಟೆ ಕಾಡು ನೋಡಿ. ಮಂಗಗಳಿಗೆ ಮಾತ್ರ ಬಿಸ್ಕತ್ತು ಹಾಕಬೇಡಿ. ಬಿಸಿಯಿಂದ ಸೋತ ಬ್ರೇಕು ತಣಿದ ಮೇಲೆ ಸಾಮಾನ್ಯವಾಗಿ ಮರಳಿ ಹಿಡಿಯುತ್ತದೆ. ತಣಿದರೂ ಹಿಡಿಯದಿದ್ದರೆ ಮುಂದೆ ಹೋಗದೆ ಸಹಾಯ ಕರೆಯಿರಿ.

ಸೋಮೇಶ್ವರದಲ್ಲಿ ಇಳಿದು ನಾಲ್ಕೂ ಚಕ್ರಗಳ ಬಳಿ, ಮುಟ್ಟದೆ, ಅಂಗೈ ಹಿಡಿದು ನೋಡಿ. ಮುಂದಿನವೆರಡು ಹೆಚ್ಚು ಕಾದಿರುವುದು ಸಹಜ. ಒಂದೇ ಒಂದು ಚಕ್ರ ತನ್ನ ಜೊತೆಯದಕ್ಕಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಅಂಟಿಕೊಂಡಿದೆ, ಬಹಳ ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡಿಲ್ಲ. ಯಾವ ಚಕ್ರ ಎಂದು ಗುರುತಿಟ್ಟುಕೊಂಡು ಹೆಬ್ರಿಯ ಮೇಲೆ ಉಡುಪಿಗೆ ನಿಧಾನವಾಗಿ ಹೋಗಿ. ಮರುದಿನ ಮೆಕ್ಯಾನಿಕ್‌ಗೆ "ಬ್ರೇಕ್ ಸರಿಯಿಲ್ಲ" ಎನ್ನುವ ಬದಲು ಆ ಚಕ್ರವನ್ನೇ ತೋರಿಸಬಹುದು.